ರಾಣಿಯ ಉಯಿಲು, ಅಮ್ಮಿಯ ಒಂದೇ ಸಾಲು

ಹೋದ ತಿಂಗಳು ಒಂದು ಮಂಗಳವಾರ ಮಧ್ಯಾಹ್ನ, ಕ್ರ್ಯಾನ್‌ಬರಿಯ ನಮ್ಮ ಆಫೀಸಿನ ಊಟದ ಕೋಣೆಯಲ್ಲಿ ಕೂತು ಮೊಸರನ್ನ ತಿನ್ನುತ್ತಿದ್ದಾಗ ಫೋನಿಗೆ ಒಂದು ಫೋಟೋ ಬಂತು. ಕಳಿಸಿದವಳು ಮಗಳು ಸನಾ. ಕಾಲೇಜಿನ ಮೂರನೇ ವರ್ಷದಲ್ಲಿ ಒಂದು ಸೆಮಿಸ್ಟರ್ ಸ್ಪೇನಿನಲ್ಲಿ ಓದುತ್ತೇನೆಂದು ಹೋಗಿದ್ದಾಳೆ. ಫೋಟೋದಲ್ಲಿ ಒಂದು ಕಲ್ಲಿನ ಗೋರಿ. ಅದರ ಮೇಲೆ ಕಲ್ಲಿನಲ್ಲೇ ಕಡೆದ ಹೆಂಗಸೊಬ್ಬಳು ಅಂಗಾತ ಮಲಗಿದ್ದಾಳೆ. ತಲೆಯ ಮೇಲೆ ಕಿರೀಟ, ಎದೆಯ ಮೇಲೆ ಜೋಡಿಸಿದ ಕೈ. ಮೂಗಿನ ತುದಿ ಯಾವಾಗಲೋ ಮುರಿದುಹೋಗಿದೆ. ಕೆಳಗೆ ಸನಾ ಬರೆದಿದ್ದಳು: ‘ಮಾಮ್, ಫೌಂಡ್ ಹರ್! ದಾದಿಯ ರಾಣಿ!’

ಚಮಚ ಡಬ್ಬಿಯಲ್ಲೇ ಬಿಟ್ಟು ಫೋನನ್ನು ಕಣ್ಣಿನ ಹತ್ತಿರ ಹಿಡಿದೆ. ಎದುರು ಕೂತಿದ್ದ ಸಹೋದ್ಯೋಗಿ ‘ಎವ್ರಿಥಿಂಗ್ ಓಕೆ?’ ಅಂದಳು. ‘ಒಬ್ಬರು ಪರಿಚಯದವರ ಫೋಟೋ’ ಅಂದುಬಿಟ್ಟೆ. ಅವಳು ಇಣುಕಿ ನೋಡಿ, ಸತ್ತು ನೂರಾರು ವರ್ಷವಾದ ಕಲ್ಲಿನ ಮುಖ ಕಂಡು, ಮತ್ತೆ ತನ್ನ ಸೊಪ್ಪು ತಿನ್ನತೊಡಗಿದಳು.

ಪರಿಚಯದವರು ಅಂದದ್ದು ಪೂರ್ತಿ ಸುಳ್ಳೇನಲ್ಲ. ಆ ರಾಣಿ ಒಂದು ಕಾಲದಲ್ಲಿ, ನ್ಯೂಯಾರ್ಕಿನಿಂದ ಗಂಟೆ ದೂರದ ಮಾನ್ಮತ್ ಜಂಕ್ಷನ್ ಎಂಬ ಊರಿನ ನಮ್ಮ ಅಡಿಗೆಮನೆಗೆ ಸುಮಾರು ಎರಡು ತಿಂಗಳು ದಿನಾ ಸಂಜೆ ಬಂದು ಹೋಗುತ್ತಿದ್ದಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಆ ಹೆಸರು ಹೇಳಿದಾಗಲೆಲ್ಲ ಸನಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಬರೆದರೆ ಇನ್ನೂ ಕೆಡುತ್ತದೆ. ನಮ್ಮತ್ತೆಯಂತೂ ಹೆಸರಿನ ಗೋಜಿಗೇ ಹೋಗಲಿಲ್ಲ. ‘ಆ ಹುಡುಗಿ’ ಎಂದು ಶುರುಮಾಡಿ, ಕಥೆ ಮುಂದುವರಿದಂತೆ ‘ಆಯಮ್ಮ’ ಎಂದು ಬಡ್ತಿ ಕೊಟ್ಟರು.

ನಮ್ಮತ್ತೆಯ ವಿಷಯ ಮೊದಲು ಹೇಳಬೇಕು. ನಾನು ಅವರನ್ನು ಅಮ್ಮಿ ಅನ್ನುತ್ತಿದ್ದೆ, ಸನಾ ದಾದಿ, ಅಂದರೆ ಅಜ್ಜಿ, ಅನ್ನುತ್ತಿದ್ದಳು. ಮಂಡ್ಯದ ಸರ್ಕಾರಿ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಮೇಡಂ ಆಗಿದ್ದವರು. ಮನೆಯಲ್ಲಿ ನಮ್ಮದು ದಖನಿ ಉರ್ದು. ಮುದ್ದು, ಊಟ, ಜ್ವರ, ಹಬ್ಬ ಎಲ್ಲ ಅದರಲ್ಲೇ. ಆದರೆ ಅಮ್ಮಿಗೆ ಗಂಭೀರವಾದ ಮಾತೇನಾದರೂ ಬಂತೆಂದರೆ ಥಟ್ಟನೆ ಕನ್ನಡಕ್ಕೆ ಹೊರಳುತ್ತಿದ್ದರು. ಮೂವತ್ತು ವರ್ಷ ಹುಡುಗಿಯರಿಗೆ ‘ದಾರ ನೇರ ಹಿಡಿ, ಬೆನ್ನು ನೇರ ಇಡು’ ಅಂತ ಹೇಳಿದ ನಾಲಿಗೆ. ಅವರು ನನ್ನನ್ನು ‘ಬೇಟೀ’ ಅಂದರೆ ನಿಶ್ಚಿಂತೆ. ‘ನಸೀಮಾ, ಇಲ್ಲಿ ಬಾಮ್ಮ’ ಅಂದರೆ ನಾನು ಬಾಚದ ತಲೆ ಸರಿಮಾಡಿಕೊಂಡು ಹೋಗುತ್ತಿದ್ದೆ. ಮೈಸೂರಿನಲ್ಲಿ ಕನ್ನಡ ಮೀಡಿಯಂನಲ್ಲಿ ಓದುವಾಗ ನಾನು ಹೊಲಿಗೆ ಪೀರಿಯಡ್ಡಿನಲ್ಲಿ ಕರ್ಚೀಫಿನ ಜೊತೆಗೆ ನನ್ನ ಲಂಗವನ್ನೂ ಸೇರಿಸಿ ಹೊಲಿದುಕೊಂಡು, ಎದ್ದು ನಿಂತಾಗ ಬೆಂಚಿಗೆಲ್ಲ ನಗು ಹಂಚಿದವಳು. ಅಂಥವಳಿಗೆ ಹೊಲಿಗೆ ಮೇಡಂ ಅತ್ತೆಯಾಗಿ ಸಿಗಬೇಕೆ!

ಮಾವ ತೀರಿಕೊಂಡ ಎರಡು ವರ್ಷಕ್ಕೆ ಅವರು ನಮ್ಮ ಬಳಿ ಬಂದರು. ಸೂಟ್‌ಕೇಸಿನಲ್ಲಿ ಕೈಯಲ್ಲಿ ತಿರುಗಿಸುವ ಹೊಲಿಗೆ ಮೆಷಿನ್ನಿನ ತಲೆಭಾಗವನ್ನು ನಾಲ್ಕು ಹತ್ತಿ ಸೀರೆಯಲ್ಲಿ ಸುತ್ತಿಟ್ಟು ತಂದಿದ್ದರು. ನ್ಯೂಯಾರ್ಕಿನ ಏರ್‌ಪೋರ್ಟಿನಲ್ಲಿ ಅಧಿಕಾರಿಯೊಬ್ಬ ಅದನ್ನು ಬಿಚ್ಚಿಸಿ ಇದೇನೆಂದು ಕೇಳಿದನಂತೆ. ಅಮ್ಮಿ ಗಾಳಿಯಲ್ಲಿ ಹಿಡಿ ತಿರುಗಿಸಿ, ‘ಹೊಲಿಗೆ ಮೆಷಿನ್ನು ಕಣಪ್ಪ’ ಅಂದರಂತೆ. ಅವನೂ ಗಾಳಿಯಲ್ಲಿ ಕೈ ತಿರುಗಿಸಿ ನಕ್ಕು ಕಳಿಸಿದನಂತೆ. ‘ಒಳ್ಳೇ ಹುಡುಗ, ಅಂಗಿ ತೋಳು ಮಾತ್ರ ಉದ್ದ’ ಎಂದು ಕಾರಿನಲ್ಲಿ ನಮಗೆ ವರದಿಯಾಯಿತು.

ಸನಾ ಹತ್ತನೇ ತರಗತಿಯಲ್ಲಿದ್ದಾಗ ಅವಳ ಹಿಸ್ಟರಿ ಟೀಚರ್ ಮಕ್ಕಳಿಗೆ ಒಬ್ಬೊಬ್ಬ ಮಧ್ಯಯುಗದ ವ್ಯಕ್ತಿಯನ್ನು ಹಂಚಿದರು. ಇವಳ ಪಾಲಿಗೆ ಬಂದವಳು ಸ್ಪೇನಿನ ಒಬ್ಬ ರಾಣಿ. ತಾನಾಗಿ ಆಳಿದವಳಲ್ಲ, ರಾಜನ ಹೆಂಡತಿ. ಸನಾಗೆ ಬೇಜಾರು. ‘ಶಿ ಡಿಡ್ ನಥಿಂಗ್, ಮಾಮ್. ಶಿ ಜಸ್ಟ್ ಗಾಟ್ ಮ್ಯಾರೀಡ್.’

ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅಮ್ಮಿ ತಲೆಯೆತ್ತಿದರು. ‘ಮದುವೆ ಆಗೋದು ಏನೂ ಮಾಡ್ದೇ ಇರೋದಾ? ಓದು, ಕೇಳೋಣ.’

ಹೀಗೆ ಶುರುವಾಯಿತು. ನಾನು ಆಫೀಸಿನಿಂದ ಡ್ರೈವ್ ಮಾಡಿಕೊಂಡು ಬರುವಷ್ಟರಲ್ಲಿ ಸನಾ ಲೈಬ್ರರಿ ಪುಸ್ತಕ ಹಿಡಿದು ಅಡಿಗೆಮನೆಯ ಎತ್ತರದ ಸ್ಟೂಲಿನ ಮೇಲೆ ಕೂತಿರುತ್ತಿದ್ದಳು. ಅಮ್ಮಿ ಕೆಳಗೆ ಕುರ್ಚಿಯಲ್ಲಿ. ಮೊಮ್ಮಗಳು ಇಂಗ್ಲಿಷಿನಲ್ಲಿ ಓದಿ ಅರೆಬರೆ ದಖನಿಯಲ್ಲಿ ಹೇಳುವುದು, ಅಜ್ಜಿ ಕನ್ನಡದಲ್ಲಿ ಪ್ರಶ್ನೆ ಕೇಳುವುದು, ನಾನು ಒಗ್ಗರಣೆ ಹಾಕುತ್ತಾ ನಡುವೆ ದುಭಾಷಿ.

ರಾಣಿ ಹುಟ್ಟಿದ್ದು ಬೆಟ್ಟಸಾಲಿನ ಆಚೆಯ ರಾಜ್ಯದಲ್ಲಿ. ಹನ್ನೆರಡೋ ಹದಿಮೂರೋ ವರ್ಷಕ್ಕೆ ಅವಳನ್ನು ಕುದುರೆಗಳ ಸಾಲಿನ ಜೊತೆ ಬೆಟ್ಟ ದಾಟಿಸಿ ಸ್ಪೇನಿನ ರಾಜನಿಗೆ ಕೊಟ್ಟು ಮದುವೆ ಮಾಡಿದರು. ಅಲ್ಲಿನ ಮಾತು ಅವಳಿಗೆ ಬಾರದು. ಜೊತೆಗೆ ಬಂದ ಆಯಾ ಒಬ್ಬಳೇ ತವರಿನವಳು.

‘ಅವಳ ಅತ್ತೆ ಹೇಗಿದ್ದಳು?’ ಅಮ್ಮಿಯ ಮೊದಲ ಪ್ರಶ್ನೆ.

‘ದ ಬುಕ್ ಡಸಂಟ್ ಸೇ, ದಾದಿ.’

‘ಮುಖ್ಯವಾದ್ದೇ ಬರ್ದಿಲ್ಲ’ ಎಂದು ಅಮ್ಮಿ ನನ್ನ ಕಡೆ ನೋಡಿದರು. ನಾನು ಸಾಸಿವೆ ಡಬ್ಬ ಹುಡುಕುವವಳಂತೆ ಆಚೆ ತಿರುಗಿದೆ.

ಮಾರನೇ ದಿನ ಗೊತ್ತಾಯಿತು, ಮದುವೆಯಲ್ಲಿ ಗಂಡ ಆಕೆಗೆ ಊರುಗಳನ್ನು ಬರೆದುಕೊಟ್ಟಿದ್ದ. ‘ಲೈಕ್, ಆಕ್ಚುಯಲ್ ಟೌನ್ಸ್’ ಅಂದಳು ಸನಾ ಕಣ್ಣರಳಿಸಿ. ಕೋಟೆ, ಗಿರಣಿ, ಸೇತುವೆಯ ಸುಂಕ ಎಲ್ಲ ಸೇರಿ ಆ ಊರುಗಳು ಅವಳವು. ಗಂಡ ಸತ್ತರೂ, ಬಿಟ್ಟರೂ ಅವಳ ಜೀವನಕ್ಕೆ ಅದು ಆಧಾರ.

ಅಮ್ಮಿ ಕೈಲಿದ್ದ ಹುರುಳಿಕಾಯಿ ಕೆಳಗಿಟ್ಟರು. ‘ಮೆಹರ್ ಅಂತ ಹೇಳು ಮತ್ತೆ!’ ನಿಕಾಹಿನಲ್ಲಿ ಗಂಡ ಹೆಂಡತಿಗೆ ಬರೆದುಕೊಡುವ, ಕೊಡುವ ತನಕ ಅವನ ಮೇಲೆ ಸಾಲವಾಗಿ ಉಳಿಯುವ ಹಣ ಅದು.

ಆ ಕಾಲದಲ್ಲಿ ಸ್ಪೇನಿನ ದಕ್ಷಿಣವೆಲ್ಲ ಮುಸ್ಲಿಮರ ಆಳ್ವಿಕೆಯಲ್ಲಿತ್ತು ಎಂದು ಸನಾ ಮೊದಲೇ ಹೇಳಿದ್ದಳು. ಹಾಗಾಗಿ ಈ ಪದ್ಧತಿ ನಮ್ಮವರಿಂದಲೇ ಕಲಿತದ್ದೆಂದು ಅಮ್ಮಿಯ ತೀರ್ಮಾನ. ಇಲ್ಲ, ಅದು ಅಲ್ಲಿನವರದೇ ಹಳೆಯ ಪದ್ಧತಿ ಎಂದು ಸನಾ ಪುಟ ತೋರಿಸಿದರೂ ತೀರ್ಮಾನ ಕದಲಲಿಲ್ಲ. ಅವರಿಗೆ ಬೇಕಾದ್ದು ಬೇರೆಯೇ ಇತ್ತು. ‘ಅದೆಲ್ಲ ಇರ್ಲಿ. ಕೈಗೆ ಸಿಕ್ತಾ, ಕಾಗದದಲ್ಲೇ ಉಳೀತಾ? ಅದು ನೋಡು.’

ಸಿಕ್ಕಿತ್ತು, ಮೊದಮೊದಲು. ರಾಣಿ ಬೆಳೆದು, ಮಾತು ಕಲಿತು, ತನ್ನ ಊರುಗಳಿಗೆ ತಾನೇ ಅಧಿಕಾರಿಗಳನ್ನು ನೇಮಿಸಿದಳು. ಮುರಿದ ಸೇತುವೆ ಕಟ್ಟಿಸಿದಳು. ತನ್ನದೇ ಮುದ್ರೆ ಒತ್ತಿ ಪತ್ರ ಬರೆಸುತ್ತಿದ್ದಳು. ಆಮೇಲೆ ರಾಜನ ಮನಸ್ಸು ಬೇರೊಬ್ಬಳ ಕಡೆ ತಿರುಗಿತು. ರಾಣಿಯ ಊರುಗಳನ್ನು ಒಂದೊಂದಾಗಿ ಕಿತ್ತು ಆಕೆಗೆ ಕೊಡತೊಡಗಿದ. ರಾಣಿ ಪತ್ರದ ಮೇಲೆ ಪತ್ರ ಬರೆಸಿದಳು. ಉತ್ತರವಿಲ್ಲ.

ಅವತ್ತು ಅಮ್ಮಿ ಸರಿಯಾಗಿ ಊಟ ಮಾಡಲಿಲ್ಲ. ‘ಅವನ ಮನೆ ಹಾಳಾಗ’ ಎಂದು ಎಂಟುನೂರು ವರ್ಷದ ಹಿಂದಿನ ರಾಜನಿಗೆ ಮಂಡ್ಯದ ಶಾಪ ಹಾಕಿ ಎದ್ದರು. ಸನಾ ನಕ್ಕಳು, ನಾನೂ ನಕ್ಕೆ. ತಟ್ಟೆ ತೊಳೆಯುವಾಗ ಅಮ್ಮಿ ನನ್ನ ಪಕ್ಕ ಬಂದು ನಿಂತರು.

‘ನಿಮ್ಮ ಮಾವನೋರ ಜನಾಜಾ ಎತ್ತೋ ಮುಂಚೆ ನನ್ನ ಕರ್ಕೊಂಡ್ಹೋಗಿ ತಲೆ ಹತ್ರ ನಿಲ್ಸಿದ್ರು. ಮೆಹರ್ ಮಾಫ್ ಮಾಡ್ದೆ ಅಂತ ಹೇಳು ಅಂದ್ರು ಹೆಂಗಸ್ರು. ಎಲ್ರೂ ನನ್ನ ಬಾಯೇ ನೋಡ್ತಾವ್ರೆ. ಹೇಳ್ದೆ. ಕೊಡೋ ಮನಸ್ಸಿರ್ಲಿಲ್ಲ ಅಂತಲ್ಲ ಅವ್ರಿಗೆ, ನೆನಪಿರ್ಲಿಲ್ಲ. ನಲವತ್ತೈದು ವರ್ಷದಲ್ಲಿ ಒಂದಿನ ನೆನಪಾಗ್ಬಾರ್ದಾ?’

‘ಬಿಡಿ ಅಮ್ಮಿ, ಹಳೇದು’ ಅಂದೆ. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಕಲ್ಲಿನ ಗೋರಿಯೊಳಗಿನ ರಾಣಿಯ ಊರುಗಳ ಬಗ್ಗೆ ಅರ್ಧ ಗಂಟೆ ಮಾತಾಡಿದವಳಿಗೆ, ಪಕ್ಕದಲ್ಲಿ ನಿಂತ ಹೆಂಗಸಿಗೆ ಏನು ಬರಬೇಕಿತ್ತೆಂದು ಕೇಳಲು ತೋಚಲಿಲ್ಲ.

ಕಥೆಯ ಕೊನೆ ಹೀಗೆ: ರಾಜ ಸತ್ತ. ಮಗ ಇನ್ನೂ ಮಗು. ಅವನನ್ನು ಸಿಂಹಾಸನದಲ್ಲಿ ಕೂರಿಸಿ, ಸುತ್ತಲಿನ ಚಿಕ್ಕಪ್ಪಂದಿರನ್ನು ದೂರವಿಟ್ಟು, ರಾಣಿಯೇ ವರ್ಷಗಟ್ಟಲೆ ರಾಜ್ಯ ನಡೆಸಿದಳು. ಕಳೆದುಕೊಂಡ ಊರುಗಳನ್ನೂ ಮರಳಿ ಪಡೆದಳು. ಮಗ ದೊಡ್ಡವನಾಗಿ ಮದುವೆಯಾದ. ಆಗ ತಾಯಿಯ ಅದೇ ಊರುಗಳನ್ನು ತೆಗೆದು ತನ್ನ ಹೆಂಡತಿಗೆ ಮದುವೆಯ ಕಾಣಿಕೆಯಾಗಿ ಕೊಟ್ಟ. ರಾಣಿಯರು ಬದಲಾಗುತ್ತಿದ್ದರು, ಊರುಗಳು ಅವೇ. ಮುದಿ ರಾಣಿ ನಾಲ್ಕು ಜನ ಆಳುಗಳ ಜೊತೆ ಒಂದು ಕನ್ಯಾಮಠಕ್ಕೆ ಹೋಗಿ ಉಳಿದಳು. ಅಲ್ಲಿ ಉಯಿಲು ಬರೆಸಿದಳು.

ಆ ಉಯಿಲಿನ ಅನುವಾದ ಸನಾಗೆ ಸಿಕ್ಕಿತ್ತು. ಊರು, ಕೋಟೆ ಏನೂ ಉಳಿದಿರಲಿಲ್ಲವಲ್ಲ, ಹಾಗಾಗಿ ಮನೆಯ ಸಾಮಾನೇ ಅದರಲ್ಲಿ. ತನ್ನ ಮಂಚ ತವರಿನಿಂದ ಜೊತೆಗೆ ಬಂದ ಆಯಾಳ ಮಗಳಿಗೆ. ತುಪ್ಪುಳದ ಒಳಪದರವಿದ್ದ ನಿಲುವಂಗಿ ಬಟ್ಟೆ ಒಗೆಯುವವಳಿಗೆ. ಹೇಸರಗತ್ತೆ ಅದನ್ನು ನೋಡಿಕೊಂಡವನ ವಿಧವೆಗೆ. ಪ್ರಾರ್ಥನೆಯ ಪುಸ್ತಕ ಮೊಮ್ಮಗಳಿಗೆ.

‘ನೋಡ್ದಾ, ಅಗಸಗಿತ್ತೀನೂ ಮರೀಲಿಲ್ಲ ಆಯಮ್ಮ’ ಅಂದರು ಅಮ್ಮಿ. ಆಮೇಲೆ ತುಸು ತಡೆದು, ‘ಸೊಸೆಗೆ? ಊರೆಲ್ಲ ತಗೊಂಡ್ಳಲ್ಲ, ಆ ಸೊಸೆಗೇನು ಕೊಟ್ಳು?’

ಸನಾ ಬೆರಳಿಟ್ಟು ಹುಡುಕಿದಳು. ‘ಹರ್ ವೆಡ್ಡಿಂಗ್ ಕ್ಲೋಕ್, ದಾದಿ. ಮದುವೇಲಿ ಹೊದ್ದಿದ್ದು.’

ಅಮ್ಮಿ ಆ ಸಾಲನ್ನು ಇನ್ನೊಂದು ಸಲ ಓದಿಸಿದರು.

ಸನಾಗೆ ಒಳ್ಳೆಯ ಗ್ರೇಡು ಬಂತು. ರಾಣಿ ನಮ್ಮ ಮನೆ ಬಿಟ್ಟಳು. ಆದರೆ ಉಯಿಲು ಬಿಡಲಿಲ್ಲ. ಒಂದು ಶನಿವಾರ ಅಮ್ಮಿ ಕರೆದರು. ‘ನಸೀಮಾ, ಇಲ್ಲಿ ಬಾಮ್ಮ. ನಂದೂ ಬರ್ಕೋ.’

‘ಏನು ಅಮ್ಮಿ?’

‘ಯಾರಿಗೆ ಏನು ಅಂತ.’

ನನಗೆ ನಗು ಬಂತು, ಗಾಬರಿಯೂ ಆಯಿತು. ಹೀಗೆಲ್ಲ ಮಾತಾಡಬಾರದು, ನೀವಿನ್ನೂ ಸನಾ ಮದುವೆಗೆ ಬಟ್ಟೆ ಹೊಲಿಯಬೇಕು ಎಂದೆ. ಸನಾ ತಾನು ಬರೆದುಕೊಡುತ್ತೇನೆಂದು ಪೆನ್ನು ಹಿಡಿದು ಓಡಿ ಬಂದಳು. ಅಮ್ಮಿ ಒಪ್ಪಲಿಲ್ಲ. ‘ಮನೆ ಸೊಸೆ ಕೈಲೇ ಬರೆಸ್ಬೇಕು. ಕನ್ನಡದಲ್ಲಿ.’

ಆಯ್ತು, ಮುಂದಿನ ಭಾನುವಾರ ಅಂದೆ. ಮುಂದಿನ ಭಾನುವಾರ ದಿನಸಿ ತರುವುದಿತ್ತು. ಅದರ ಮುಂದಿನದು ಯಾರದೋ ಮಗುವಿನ ಹುಟ್ಟುಹಬ್ಬ, ಎಡಿಸನ್ನಿನಲ್ಲಿ. ನಮ್ಮದು ಔಷಧಿ ಕಂಪನಿ, ನಾನು ಗುಣಮಟ್ಟ ಪರೀಕ್ಷೆಯ ವಿಭಾಗದವಳು. ಬೇಸಿಗೆಯಲ್ಲಿ ತಪಾಸಣೆಯವರು ಬರುತ್ತಾರೆಂದರೆ ಮನೆಯೂ ಲ್ಯಾಬಿನ ಒಂದು ಮೂಲೆಯಾಗಿಬಿಡುತ್ತಿತ್ತು. ಒಂದು ಮಾತ್ರೆ ಯಾವ ಡಬ್ಬದಿಂದ ಯಾವ ಡಬ್ಬಕ್ಕೆ ಹೋಯಿತು, ಯಾರು ನೋಡಿದರು, ಯಾರು ಸಹಿ ಹಾಕಿದರು ಎಲ್ಲ ಬರೆದಿಡುವುದೇ ನನ್ನ ಉದ್ಯೋಗ. ಬರೆದಿಲ್ಲವೆಂದರೆ ನಡೆದೇ ಇಲ್ಲ ಅಂತ ಹೊಸಬರಿಗೆ ಪಾಠ ಹೇಳುತ್ತಿದ್ದವಳು ನಾನೇ. ಇಂಥವಳು ಅತ್ತೆಯ ನಾಲ್ಕು ಸಾಮಾನಿನ ಪಟ್ಟಿಗೆ ಆರು ತಿಂಗಳು ತೆಗೆದುಕೊಂಡೆ.

ಆ ಆರು ತಿಂಗಳೂ ನಾನು ಕೆಲಸಕ್ಕೆ ಹೋದ ಮೇಲೆ ಅಮ್ಮಿ ವಿಶಾಲು ಆಂಟಿಯ ಮನೆಗೆ ಹೋಗುತ್ತಿದ್ದರು. ವಿಶಾಲಾಕ್ಷಮ್ಮ ಎರಡು ಬೀದಿ ಆಚೆ, ಮಗನ ಮನೆಯಲ್ಲಿ ಇದ್ದವರು. ಮದ್ದೂರಿನ ಕಡೆಯವರು. ನಮ್ಮ ಬಡಾವಣೆಯ ವಾಕಿಂಗ್ ದಾರಿಯಲ್ಲಿ ಇಬ್ಬರಿಗೂ ಮಂಡ್ಯದ ಮಾತೇ ಗಂಟುಹಾಕಿತ್ತು. ಅಮ್ಮಿ ಮೆಷಿನ್ನನ್ನು ಆಂಟಿಯ ಪುಟ್ಟ ಮೊಮ್ಮಗಳ ತಳ್ಳುಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋಗಿ ಅವರ ಮನೆಯಲ್ಲಿಟ್ಟಿದ್ದರು. ಏನು ಹೊಲಿಯುತ್ತೀರಿ ಎಂದು ಒಮ್ಮೆ ಕೇಳಿದೆ. ‘ಹಳೇ ಬಟ್ಟೆ’ ಅಂದರು. ಸರಿ ಅಂದುಕೊಂಡೆ.

ಅಕ್ಟೋಬರಿನ ಒಂದು ಭಾನುವಾರ ಕೊನೆಗೂ ಕೂತೆವು. ಹಳದಿ ಹಾಳೆಯ ಪ್ಯಾಡು, ಪೆನ್ನು. ಅಮ್ಮಿ ನಮಾಜಿಗೆ ಮುಂಚಿನಂತೆ ಕೈಕಾಲು ಮುಖ ತೊಳೆದು ವುಜೂ ಮಾಡಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಶಾಸ್ತ್ರಕ್ಕೆ ಕೂತಂತೆ ಕೂತರು.

‘ಬರಿ. ಕತ್ತರಿ. ದೊಡ್ಡದು, ಹಿತ್ತಾಳೆ ಹಿಡೀದು. ವಿಶಾಲಾಕ್ಷಮ್ಮನೋರಿಗೆ.’

ಬರೆದೆ.

‘ಎರಡನೇದು...’ ಎಂದು ನನ್ನ ಮುಖ ನೋಡಿ ಸಣ್ಣಗೆ ನಕ್ಕರು.

ಆಗ ಫೋನು ಬಂತು. ಆಫೀಸಿನದು. ಶೀತಲ ಕೋಣೆಯೊಂದರ ತಾಪಮಾನ ಏರಿತ್ತು. ‘ಒಂದ್ನಿಮಿಷ ಅಮ್ಮಿ’ ಎಂದು ಎದ್ದೆ. ಆ ನಿಮಿಷ ಕ್ರ್ಯಾನ್‌ಬರಿಗೆ ಹೋಗಿ, ಸಂಜೆಯಾಗಿ, ಊಟದ ಹೊತ್ತಿಗೆ ಮನೆಗೆ ಬಂತು. ಪ್ಯಾಡು ಫ್ರಿಜ್ಜಿನ ಮೇಲೆ ಹೋಗಿತ್ತು. ಅಮ್ಮಿ ಮತ್ತೆ ಕೇಳಲಿಲ್ಲ. ಕೇಳಿದ್ದರೆ ಬರೆಯುತ್ತಿದ್ದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಎಷ್ಟು ಸಲ ಕೇಳಬೇಕಿತ್ತು ಅವರು?

ಫೆಬ್ರವರಿಯಲ್ಲಿ, ಹಿಮ ಬಿದ್ದು ಶಾಲೆಗೆ ರಜೆ ಕೊಟ್ಟ ದಿನ, ಬೆಳಗಿನ ಚಹಾ ಕುಡಿಯುತ್ತಾ ಅಮ್ಮಿಯ ಕೈಯಿಂದ ಲೋಟ ಜಾರಿತು. ಸ್ಟ್ರೋಕ್. ಮೂರು ದಿನ ಆಸ್ಪತ್ರೆಯಲ್ಲಿದ್ದರು. ಮಾತು ಮರಳಲಿಲ್ಲ. ನನ್ನ ಗಂಡ ಅನ್ವರ್ ಕಿವಿಯ ಹತ್ತಿರ ಕಲಿಮಾ ಹೇಳುತ್ತಿದ್ದರೆ ಅವರ ಕಣ್ಣು ಮಾತ್ರ ನನ್ನ ಕಡೆ ಇತ್ತು. ಅಥವಾ ಹಾಗೆಂದು ನಾನೇ ಅಂದುಕೊಂಡಿದ್ದೇನೆ. ಇಲ್ಲಿನ ಮಣ್ಣು ಹೆಪ್ಪುಗಟ್ಟಿತ್ತು. ಅಗೆಯುವ ಯಂತ್ರ ತಂದು ತೋಡಿ ದಫನ್ ಮಾಡಿದರು.

ನಲವತ್ತನೇ ದಿನ ಕಳೆದ ಮೇಲೆ ಅನ್ವರ್, ‘ಅಮ್ಮಿ ರೂಮು ಸ್ವಲ್ಪ ದಿನ ಹಾಗೇ ಇರ್ಲಿ’ ಅಂದರು. ನಾನು ಹೂಂ ಅಂದೆ. ಆದರೆ ಆ ವಸಂತದಲ್ಲಿ ನನಗೆ ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಎಂದಾಯಿತು. ಮೇಜು ಹಾಕಲು, ಬಾಗಿಲು ಮುಚ್ಚಿಕೊಂಡು ಮೀಟಿಂಗಿನಲ್ಲಿ ಮಾತಾಡಲು ಒಂದು ಕೋಣೆ ಬೇಕಿತ್ತು. ಅನ್ವರ್ ಊರಿನಲ್ಲಿಲ್ಲದ ಒಂದು ಶುಕ್ರವಾರ ರಜೆ ಹಾಕಿ ಕೋಣೆ ಖಾಲಿ ಮಾಡಿದೆ. ಕುರಾನ್, ಜಪಮಾಲೆ, ಗುಂಡಿಗಳ ಡಬ್ಬ, ಕತ್ತರಿ ತೆಗೆದಿಟ್ಟೆ. ಬಟ್ಟೆಬರೆಯನ್ನು ಕಪ್ಪು ಪ್ಲಾಸ್ಟಿಕ್ ಚೀಲಗಳಿಗೆ ತುಂಬಿದೆ. ಮಂಚದ ಕೆಳಗೆ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ದಾರದಲ್ಲಿ ಕಟ್ಟಿದ ಒಂದು ದೊಡ್ಡ ಗಂಟಿತ್ತು. ಭಾರವಾಗಿತ್ತು. ಹೊಲಿಗೆಗೆಂದು ಕೂಡಿಟ್ಟ ಚಿಂದಿ ಇರಬೇಕು ಅಂದುಕೊಂಡೆ. ಗಂಟು ಬಿಗಿಯಾಗಿತ್ತು. ಬಿಚ್ಚಲಿಲ್ಲ.

ಐದು ಚೀಲ. ಹೆದ್ದಾರಿಯ ಪಕ್ಕ ಪೆಟ್ರೋಲ್ ಬಂಕಿನ ಹಿಂದೆ ಹಳೆ ಬಟ್ಟೆ ದಾನ ಹಾಕುವ ಕಬ್ಬಿಣದ ಡಬ್ಬವಿದೆ. ಒಂದೊಂದಾಗಿ ಎತ್ತಿ ಹಾಕಿದೆ. ಗಂಟಿದ್ದ ಚೀಲ ಬಾಯಲ್ಲಿ ಸಿಕ್ಕಿಕೊಂಡಿತು. ಭುಜ ಕೊಟ್ಟು ತಳ್ಳಿದೆ.

ಮಾರನೇ ದಿನ, ಅತ್ತೆಯ ಮಾತು ನಡೆಸಿಕೊಟ್ಟ ಸೊಸೆಯ ಹೆಮ್ಮೆಯಿಂದ ಕತ್ತರಿ ತೆಗೆದುಕೊಂಡು ವಿಶಾಲು ಆಂಟಿಯ ಮನೆಗೆ ಹೋದೆ. ಹಳದಿ ಹಾಳೆಯನ್ನೂ ಒಯ್ದು ತೋರಿಸಿದೆ. ಅವರು ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು. ಅತ್ತರು. ಕಾಫಿ ಕೊಟ್ಟರು. ಆಮೇಲೆ ಮುಖ ಒರೆಸಿಕೊಂಡು ಕೇಳಿದರು, ‘ಕೌದಿ ಹೊದ್ಕೋತಾ ಇದೀರಾ?’

‘ಯಾವ ಕೌದಿ ಆಂಟಿ?’ ಎಂದು ಕೇಳಬೇಕಿತ್ತು. ಬಾಯಿ ತೆಗೆಯುವ ಮೊದಲೇ ಅವರು ಶುರುಮಾಡಿದ್ದರು.

‘ಆರು ತಿಂಗಳು ಇದೇ ಹಾಲ್‌ನಲ್ಲಿ ಕೂತು ಹೊಲ್ದಿದ್ದು ಕಣಮ್ಮ. ನೀವು ಬಿಸಾಕಿದ ಚೂಡಿದಾರ್, ಸನಾ ಫ್ರಾಕು, ನಿಮ್ಮೆಜಮಾನ್ರ ಶರ್ಟು. ನಡೂ ಮಧ್ಯೆ ಅವ್ರ ಮದುವೆ ಸೀರೇದು ಕೆಂಪಂಚು. ಚೆನ್ನಾಗಿರೋ ಸೀರೆ ಯಾಕ್ರೀ ಕತ್ತರಿಸ್ತೀರಾ ಅಂದೆ ನಾನು. ಯಾವ್ದೋ ದೇಶದ ರಾಣಿ ಸೊಸೆಗೆ ಮದುವೆ ಹೊದಿಕೆ ಕೊಟ್ಳಂತೆ, ಎಲ್ಲಾನೂ ಕಳ್ಕೊಂಡ ಮೇಲೂ ಅದನ್ನ ಇಟ್ಕೊಂಡಿದ್ಲಂತೆ, ನಂದೂ ಇದೊಂದೇ ಉಳ್ದಿರೋದು ಅಂದ್ರು. ಪಟ್ಟಿ ಬರೆಸೋವಾಗ ಹೇಳ್ತೀನಿ, ಅಲ್ಲೀವರ್ಗೂ ಬಾಯಿ ಬಿಡ್ಬೇಡಿ ಅಂತ ನನ್ಕೈಲಿ ಆಣೆ ಹಾಕ್ಸ್ಕೊಂಡಿದ್ರು.’

ಆ ಭಾನುವಾರ ಅವರು ನನ್ನ ಮುಖ ನೋಡಿ ನಕ್ಕದ್ದು ಯಾಕೆಂದು ನನಗೆ ಆಗ ಗೊತ್ತಾಯಿತು.

‘ಬೆಚ್ಚಗಿದ್ಯಾ?’ ಎಂದರು ಆಂಟಿ, ಕಣ್ಣಲ್ಲಿ ನೀರಿಟ್ಟುಕೊಂಡೇ ನಗುತ್ತಾ.

‘ತುಂಬಾ’ ಅಂದೆ.

ಕಾರು ಎಲ್ಲಿ ನಿಲ್ಲಿಸಿದ್ದೆನೆಂದು ಮರೆತು ಎರಡು ಬೀದಿ ನಡೆದೇ ಮನೆಗೆ ಬಂದೆ. ಮತ್ತೆ ಹೋಗಿ ಕಾರು ತಂದೆ. ಅಲ್ಲಿಂದ ನೇರ ಪೆಟ್ರೋಲ್ ಬಂಕಿಗೆ. ಡಬ್ಬ ಖಾಲಿ. ಬೆಳಿಗ್ಗೆಯೇ ಲಾರಿ ಬಂದು ಹೋಗಿತ್ತೆಂದು ಬಂಕಿನವನು ಹೇಳಿದ. ಡಬ್ಬದ ಮೇಲಿದ್ದ ನಂಬರಿಗೆ ಫೋನು ಮಾಡಿದೆ. ಆ ಕಡೆಯ ಹೆಂಗಸು ಸಮಾಧಾನದಿಂದಲೇ ಹೇಳಿದಳು: ಚೀಲಗಳನ್ನು ಇಲ್ಲಿ ಬಿಚ್ಚುವುದಿಲ್ಲ, ಹಾಗೇ ಅದುಮಿ ಕಟ್ಟಿ ಬೇರೆ ಬೇರೆ ಕಡೆಗೆ ಕಳಿಸುತ್ತೇವೆ, ಕೆಲವು ಇಲ್ಲಿನ ಅಂಗಡಿಗಳಿಗೆ, ಹೆಚ್ಚಿನವು ಹಡಗಿನಲ್ಲಿ. ಒಳಗೆ ಬೆಲೆಬಾಳುವ ವಸ್ತು ಏನಾದರೂ ಇತ್ತೆ ಎಂದು ಕೇಳಿದಳು. ಫಾರಂ ತುಂಬಬಹುದಂತೆ. ಹಳೆ ಬಟ್ಟೆ ಅಂದೆ.

ಆಮೇಲೆ ನಾಲ್ಕು ಶನಿವಾರ ಹಳೆ ಸಾಮಾನಿನ ಅಂಗಡಿಗಳನ್ನು ಸುತ್ತಿದೆ. ಟ್ರೆಂಟನ್ನಿನಿಂದ ಮಾರಿಸ್‌ಟೌನ್‌ವರೆಗೆ. ಮಾರಿಸ್‌ಟೌನಿನ ಅಂಗಡಿಯಲ್ಲಿ ದೂರದಿಂದ ಒಂದು ಕೆಂಪು ಅಂಚು ಕಂಡು ಓಡಿದೆ. ಇನ್ನೊಬ್ಬಳು ಅದನ್ನು ಆಗಲೇ ಕೈಗೆತ್ತಿಕೊಂಡಿದ್ದಳು. ನಾನು ಇನ್ನೊಂದು ತುದಿ ಹಿಡಿದು ಎಳೆದೆ. ನೋಡಿದರೆ ಮೇಜಿನ ಹಾಸು, ಮೇಲೆ ಕ್ರಿಸ್‌ಮಸ್ ಜಿಂಕೆಗಳು. ಸಾರಿ ಸಾರಿ ಎನ್ನುತ್ತಾ ಹೊರಗೆ ಬಂದು ಕಾರಿನಲ್ಲಿ ಕೂತು, ಐವತ್ತು ವರ್ಷದ ಹೆಂಗಸು, ಗೊಳೋ ಎಂದು ಅತ್ತೆ. ಅದೇ ಕೊನೆ. ಮತ್ತೆ ಹುಡುಕಲಿಲ್ಲ. ಅನ್ವರಿಗೆ ಹೇಳಿದೆ. ಅವರು ಬಯ್ಯಲಿಲ್ಲ. ಒಂದು ವಾರ ಆ ಕೋಣೆಯ ಬಾಗಿಲ ಮುಂದೆ ಹಾಯುವಾಗ ತಲೆ ತಗ್ಗಿಸಿ ಹೋದರು, ಅಷ್ಟೆ.

ವಿಶಾಲು ಆಂಟಿಗೆ ಹೇಳಲಾಗಲಿಲ್ಲ. ನಾಲ್ಕು ಚಳಿಗಾಲ ಕಳೆಯಿತು. ಪ್ರತಿ ನವೆಂಬರಿನಲ್ಲೂ ವಾಕಿಂಗ್ ದಾರಿಯಲ್ಲಿ ಸಿಕ್ಕಾಗ, ‘ತೆಗೆದ್ರಾ ಈ ವರ್ಷ?’ ಎನ್ನುತ್ತಿದ್ದರು. ‘ತೆಗೆದೆ ಆಂಟಿ.’ ಒಂದು ವರ್ಷ, ‘ಡ್ರೈ ಕ್ಲೀನ್‌ಗೆ ಕೊಡ್ಬೇಡಿ, ಅಂಚು ಬಣ್ಣ ಬಿಡುತ್ತೆ’ ಅಂದರು. ‘ಇಲ್ಲ ಆಂಟಿ, ಬಿಸಿಲಿಗೆ ಹಾಕ್ತೀನಿ’ ಅಂದೆ. ಸುಳ್ಳಿಗೆ ನಾನೇ ಹೊಸ ತುಂಡು ಸೇರಿಸಿ ಹೊಲಿಯತೊಡಗಿದ್ದೆ. ಅಮ್ಮಿ ಕಲಿಸಲಾಗದ ಹೊಲಿಗೆ ಅದೊಂದೇ ನನಗೆ ಬಂದದ್ದು.

ಹೋದ ತಿಂಗಳ ಆ ಫೋಟೋ ನೋಡಿದ ಸಂಜೆ ಸನಾಗೆ ಫೋನು ಮಾಡಿದೆ. ಕೌದಿಯ ಕಥೆ ಅವಳಿಗೂ ಗೊತ್ತು. ‘ಆ ಉಯಿಲು ಕೊನೆಗೆ ನಡೀತಾ ಸನಾ? ಎಲ್ಲರಿಗೂ ಸಿಕ್ತಾ ಅವಳು ಕೊಟ್ಟಿದ್ದು?’

‘ನೋಬಡಿ ನೋಸ್, ಮಾಮ್. ಪೇಪರ್ ಉಳಿದಿದೆ. ಥಿಂಗ್ಸ್ ಏನಾಯ್ತು ಗೊತ್ತಿಲ್ಲ. ಮೇ ಬಿ ದ ಕ್ಲೋಕ್ ಗಾಟ್ ಥ್ರೋನ್ ಔಟ್ ಟೂ.’ ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದಳು, ಮಗು. ಆದರೆ ಆ ಸೊಸೆ ಎಸೆದಿದ್ದರೂ ಏನನ್ನು ಎಸೆಯುತ್ತಿದ್ದೇನೆಂದು ತಿಳಿದು ಎಸೆದಿರುತ್ತಾಳೆ. ಉಯಿಲನ್ನು ಅವಳಿಗೆ ಯಾರೋ ಓದಿ ಹೇಳಿದ್ದರು.

ವಿಶಾಲು ಆಂಟಿಯ ಮಗ ಟೆಕ್ಸಸ್‌ಗೆ ಕೆಲಸ ಬದಲಾಯಿಸಿದ್ದರು. ಮನೆ ಮಾರಿಯಾಗಿತ್ತು. ಫೋಟೋ ಬಂದ ಆ ವಾರದ ಶನಿವಾರವೇ ಹೋದೆ. ಹಾಲ್ ತುಂಬ ರಟ್ಟಿನ ಡಬ್ಬಗಳು. ಆಂಟಿ ನೆಲದ ಮೇಲೆ ಕೂತು ಸ್ಟೀಲ್ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದರು. ನಾನು ಎದುರಿಗೆ ಕೂತೆ. ನೀರು ಕುಡಿಯುತ್ತೀರಾ ಎಂದು ಕೇಳಿದರು. ಬೇಡ ಎಂದು, ಅದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದೆ. ಮಂಚದ ಕೆಳಗಿನ ಗಂಟು, ಬಿಚ್ಚದ ದಾರ, ಕಬ್ಬಿಣದ ಡಬ್ಬ, ನಾಲ್ಕು ವರ್ಷದ ಸುಳ್ಳು.

ಅವರ ಕೈ ನಿಂತಿತು. ‘ಬಿಚ್ಚಿ ನೋಡ್ಲೇ ಇಲ್ವಾ?’

‘ಇಲ್ಲ ಆಂಟಿ.’

‘ಒಂದ್ಸಲಾನೂ?’

‘ಇಲ್ಲ.’

‘ನಾನು ಇಲ್ಲೇ ಇದ್ನಲ್ರೀ, ಎರಡು ಬೀದಿ ಆಚೆ. ಒಂದ್ಮಾತು ಕೇಳೋದಲ್ವಾ?’ ಸ್ವರ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. ಅವರು ಮತ್ತೆ ಪಾತ್ರೆ ಸುತ್ತತೊಡಗಿದರು. ನನಗೆ ಎದ್ದು ಹೋಗಲೂ ಆಗಲಿಲ್ಲ. ಒಂದು ಪೇಪರ್ ಎಳೆದುಕೊಂಡು ನಾನೂ ಲೋಟ ಸುತ್ತಿದೆ. ಅವರು ಬೇಡ ಅನ್ನಲಿಲ್ಲ. ಒಂದು ಡಬ್ಬ ತುಂಬಿತು. ಟೇಪು ಹಚ್ಚಿದೆವು. ಇನ್ನೊಂದು ತುಂಬಿತು. ಹೊರಗೆ ಅವರ ಮೊಮ್ಮಗಳು ಸೈಕಲ್ಲಿನ ಗಂಟೆ ಬಾರಿಸುತ್ತಾ ಸುತ್ತುತ್ತಿದ್ದಳು.

ಹೊರಡುವಾಗ ಬಾಗಿಲವರೆಗೆ ಬಂದರು. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಕೇಳಿದರು.

‘ಮತ್ತೆ ಇಷ್ಟು ವರ್ಷ ಚಳೀಲಿ ಏನು ಹೊದ್ಕೋತಿದ್ರಿ?’

‘ಅಂಗಡೀಲಿ ತಂದಿದ್ದು ಆಂಟಿ. ಒಂದು ಕಂಫರ್ಟರ್.’

‘ಬೆಚ್ಚಗಿರುತ್ತಾ?’

‘ಇರುತ್ತೆ’ ಅಂದೆ.

ಅದು ನಿಜವೇ ಆಗಿತ್ತು. ಅದನ್ನು ಹೇಳುವುದೇ ಅವತ್ತು ನನಗೆ ಎಲ್ಲಕ್ಕಿಂತ ಕಷ್ಟವಾಯಿತು.